ಎದುರು ಅಂಗಡಿಯ ಹಳದಿ ಟೀ ಶರ್ಟು

ತನಿಯಪ್ಪನವರು ಅರವತ್ತೊಂದನೆಯ ವಯಸ್ಸಿನಲ್ಲಿ ನೌಕರಿಗೆ ಸೇರಿದ್ದು ಸಾಲು ತಪ್ಪಿ ನಿಂತದ್ದರಿಂದ. ಅವರನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಹಿಂದೊಮ್ಮೆ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಲು ಬ್ಯಾಂಕಿಗೆ ಹೋದವರು ಪಕ್ಕದ ರಕ್ತದಾನ ಶಿಬಿರದ ಸಾಲಿನಲ್ಲಿ ನಿಂತು, ರಕ್ತ ಕೊಟ್ಟು, ಎರಡು ಬಾಳೆಹಣ್ಣು ತಿಂದು ಮನೆಗೆ ಬಂದಿದ್ದರು.

“ನಡುವೆ ಎಲ್ಲಿಯೂ ಗೊತ್ತಾಗಲಿಲ್ಲವೇ?” ಎಂದು ಹೆಂಡತಿ ಲೋಲಾಕ್ಷಿ ಕೇಳಿದ್ದರು.

“ಗೊತ್ತಾಯಿತು. ಆದರೆ ಆ ಹುಡುಗಿ ಅಷ್ಟು ಮರ್ಯಾದೆಯಿಂದ ‘ಸರ್, ಮಲಗಿ’ ಅಂದಳು. ಎದ್ದು ಬಂದರೆ ಚೆನ್ನಾಗಿರುತ್ತಿರಲಿಲ್ಲ.”

ಇಂಥ ಮನುಷ್ಯ ದೆಹಲಿಯಂಥ ಊರಿನಲ್ಲಿ ಮೂವತ್ತೊಂದು ವರ್ಷ ಅಂಗಡಿ ನಡೆಸಿದ್ದು ಹೇಗೆ ಎಂದು ನೀವು ಕೇಳಬಹುದು. ಉತ್ತರ ಸುಲಭ. ಅಂಗಡಿ ನಡೆಸಿದ್ದು ಲೋಲಾಕ್ಷಿ. ತನಿಯಪ್ಪನವರು ಅಕ್ಕಿಯ ಗುಣ ನೋಡುತ್ತಿದ್ದರು. ಒಂದು ಹಿಡಿ ಅಕ್ಕಿ ಅಂಗೈಗೆ ಹಾಕಿದರೆ ಅದು ಎಷ್ಟು ಹಳೆಯದು, ಗಂಜಿಗೆ ಆಗುತ್ತದೆಯೋ ದೋಸೆಗೆ ಆಗುತ್ತದೆಯೋ ಎಂದು ಹೇಳಬಲ್ಲವರಾಗಿದ್ದರು. ಲೋಲಾಕ್ಷಿ ಮನುಷ್ಯರ ಗುಣ ನೋಡುತ್ತಿದ್ದರು.

ಅಂಗಡಿಯ ಹೆಸರು ಕರಾವಳಿ ಸ್ಟೋರ್ಸ್. ಆರ್.ಕೆ.ಪುರಂನ ಹಿಂಬದಿಯ ನೀಮ್‌ವಾಲಿ ಮಾರ್ಕೆಟ್ಟಿನಲ್ಲಿ, ಸರ್ದಾರ್ ಗುರ್ಮೀತ್ ಸಿಂಗರ ಪಾತ್ರೆ ಅಂಗಡಿಯ ಪಕ್ಕದಲ್ಲಿತ್ತು. ಕುಚ್ಚಲಕ್ಕಿ, ತೆಂಗಿನೆಣ್ಣೆ, ಉಂಡೆಬೆಲ್ಲ, ಬ್ಯಾಡಗಿ ಮೆಣಸು, ಹಪ್ಪಳ, ಗುರುವಾರ ಮತ್ತು ಭಾನುವಾರ ಕರಿಬೇವು. ಸರ್ಕಾರಿ ಕ್ವಾರ್ಟರ್ಸಿನ ದಕ್ಷಿಣದವರೆಲ್ಲ ಅವರ ಗಿರಾಕಿಗಳು. ಆಮೇಲೆ ಹಳೆಯ ಕ್ವಾರ್ಟರ್ಸುಗಳನ್ನು ಒಂದೊಂದಾಗಿ ಕೆಡವಿದರು. ಆ ಜಾಗದಲ್ಲಿ ತಲೆಯೆತ್ತಿ ನೋಡಿದರೆ ಟೋಪಿ ಬೀಳುವಷ್ಟು ಎತ್ತರದ ಕಟ್ಟಡಗಳು ಎದ್ದವು. ಮಾರ್ಕೆಟ್ಟಿನ ಮುಖವೂ ಬದಲಾಯಿತು. ಚಪ್ಪಲಿ ಹೊಲಿಯುವವನಿದ್ದ ಕಡೆ ನಾಯಿಗಳಿಗೆ ಸ್ನಾನ ಮಾಡಿಸುವ ಸಲೂನು ಬಂತು. ಸೈಕಲ್ ರಿಪೇರಿ ಇದ್ದಲ್ಲಿ ತಣ್ಣಗಿನ ಕಾಫಿಯನ್ನು ಉಪ್ಪಿನಕಾಯಿ ಬಾಟಲಿಯಲ್ಲಿ ಹಾಕಿ ಕೊಡುವ ಅಂಗಡಿ ಬಂತು. ಕೊನೆಗೆ, ಕರಾವಳಿ ಸ್ಟೋರ್ಸಿನ ನೇರ ಎದುರಿಗೆ ಮೂರು ಅಂಗಡಿಗಳ ಗೋಡೆ ಒಡೆದು ಒಂದು ಮಾಡಿ, ‘ಬಚತ್ ಮಹಲ್’ ಬಂತು.

ಬಚತ್ ಮಹಲ್ ಎಂದರೆ ಉಳಿತಾಯದ ಅರಮನೆ. ದೇಶದಲ್ಲಿ ಅದರ ನೂರಾರು ಶಾಖೆಗಳಿದ್ದವು. ಬಕೆಟ್ಟಿನಿಂದ ಬೇಳೆಯವರೆಗೆ ಎಲ್ಲವೂ ಅಲ್ಲಿ ಸಿಗುತ್ತಿತ್ತು, ಎಲ್ಲದರ ಮೇಲೂ ಒಂದು ಹಳೆಯ ಬೆಲೆಯನ್ನು ಕೆಂಪು ಗೆರೆಯಿಂದ ಹೊಡೆದು ಹಾಕಲಾಗಿತ್ತು. ಅದು ತೆರೆಯುವ ವಾರದಲ್ಲೇ ಕಟ್ಟಡದ ಮಾಲೀಕ ಚೌಧರಿ ಬಂದು ತನಿಯಪ್ಪನವರ ಸ್ಟೂಲಿನ ಮೇಲೆ ಕೂತ.

“ದೀಪಾವಳಿಗೆ ನಮ್ಮ ಕರಾರು ಮುಗಿಯುತ್ತದೆ. ಕಾಫಿಯವರು ಇನ್ನೊಂದು ಅಂಗಡಿ ಕೇಳುತ್ತಿದ್ದಾರೆ. ನನಗೆ ನೀವು ಹಳಬರು, ನಿಮ್ಮನ್ನು ಕಳಿಸುವ ಮನಸ್ಸಿಲ್ಲ. ಆದರೆ ಅಂಗಡಿಯಲ್ಲಿ ಜನ ಕಾಣಬೇಕು. ನೊಣ ಕಂಡರೆ ನಾನು ಮಕ್ಕಳಿಗೆ ಏನು ಹೇಳಲಿ?”

ಆ ಸಂಜೆ ಗುರ್ಮೀತ್ ಸಿಂಗರ ಅಂಗಡಿಯಲ್ಲಿ ವ್ಯಾಪಾರಿ ಸಂಘದ ಸಭೆ ಸೇರಿತು. ಕುಕ್ಕರುಗಳ ನಡುವೆ ಜಾಗ ಮಾಡಿಕೊಂಡು ಏಳು ಜನ ಕೂತರು. ಎಲ್ಲರಿಗೂ ಸಿಟ್ಟು ಬಂದಿತ್ತು, ಯಾರಿಗೂ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಒಬ್ಬರು ಧರಣಿ ಎಂದರು. ಬಿಸಿಲು ಎಂದು ಅದನ್ನು ಕೈಬಿಟ್ಟರು. ಆಗ ತನಿಯಪ್ಪನವರು, ಚಹಾ ಚೆನ್ನಾಗಿದೆ ಎಂದು ಹೇಳಲು ಬಾಯಿ ತೆರೆದವರು, ಎಲ್ಲರೂ ತಮ್ಮ ಕಡೆ ತಿರುಗಿದ್ದನ್ನು ಕಂಡು, “ಅವರು ಹೇಗೆ ನಡೆಸುತ್ತಾರೆ ಅಂತ ನಾನು ಒಳಗೆ ಹೋಗಿ ನೋಡಿ ಬರುತ್ತೇನೆ” ಎಂದುಬಿಟ್ಟರು.

“ಶಾಬಾಶ್” ಎಂದರು ಗುರ್ಮೀತ್ ಸಿಂಗ್. “ಮದರಾಸಿ ತಲೆ ಅಂದರೆ ಇದು.”

ಮೂವತ್ತೊಂದು ವರ್ಷಗಳಿಂದ ತಾನು ಮದರಾಸಿನವನಲ್ಲ ಎಂದು ತನಿಯಪ್ಪನವರು ಹೇಳುತ್ತ ಬಂದಿದ್ದರು. ಈ ಸಲ ಹೇಳಲಿಲ್ಲ. ತಲೆಗೆ ಮೊದಲ ಬಾರಿ ಪ್ರಶಂಸೆ ಸಿಕ್ಕಿತ್ತು.

ಮರುದಿನ ಬೆಳಿಗ್ಗೆ ಬಚತ್ ಮಹಲಿನ ಮುಂದೆ ಎರಡು ಸಾಲುಗಳಿದ್ದವು. ಮೊದಲ ನೂರು ಗಿರಾಕಿಗಳಿಗೆ ಒಂದೊಂದು ಬಕೆಟ್ ಉಚಿತ ಎಂಬ ಪ್ರಕಟಣೆ ದೊಡ್ಡ ಸಾಲಿನ ಮೇಲಿತ್ತು. ಸಣ್ಣ ಸಾಲಿನ ಮೇಲಿದ್ದ ಪ್ರಕಟಣೆಯನ್ನು ಬಲೂನುಗಳು ಮುಚ್ಚಿದ್ದವು. ತನಿಯಪ್ಪನವರು ಬುದ್ಧಿವಂತಿಕೆಯಿಂದ ಸಣ್ಣ ಸಾಲಿನಲ್ಲಿ ನಿಂತರು.

ಒಳಗೆ ಒಂದು ಕೋಣೆಯಲ್ಲಿ ಮ್ಯಾನೇಜರ್ ರೋಹಿತ್ ಕೂತಿದ್ದ. ಬರೇಲಿಯ ಕಡೆಯವನು, ವಯಸ್ಸು ಇಪ್ಪತ್ತೇಳು. ಟೈ ಕಟ್ಟಿದ್ದ, ಆದರೆ ಅದು ಇನ್ನೊಬ್ಬರದೇನೋ ಎಂಬಂತೆ ಆಗಾಗ ಮುಟ್ಟಿ ನೋಡುತ್ತಿದ್ದ.

“ಆಧಾರ್ ಇದೆಯಾ, ಸರ್?”

ಬಕೆಟ್ಟಿಗೂ ಆಧಾರ್ ಕೇಳುವ ಕಾಲ ಬಂತು ಎಂದುಕೊಂಡು ತನಿಯಪ್ಪನವರು ಕೊಟ್ಟರು.

“ಇದುವರೆಗೆ ಏನು ಮಾಡುತ್ತಿದ್ದಿರಿ?”

“ಅಕ್ಕಿ, ಬೇಳೆ, ತೆಂಗಿನೆಣ್ಣೆ. ಮೂವತ್ತೊಂದು ವರ್ಷ.”

ರೋಹಿತ್ ನೆಟ್ಟಗೆ ಕೂತ. ಬೆಳಗಿನಿಂದ ಅವನ ಮುಂದೆ ಬಂದ ಒಂಬತ್ತು ಮಂದಿಗೆ ತೊಗರಿಬೇಳೆಗೂ ಕಡಲೆಬೇಳೆಗೂ ವ್ಯತ್ಯಾಸ ಗೊತ್ತಿರಲಿಲ್ಲ. ಮೇಜಿನ ಮೇಲಿದ್ದ ಒಂದು ಪ್ಯಾಕೆಟ್ ಮುಂದೆ ತಳ್ಳಿದ.

“ಇದು ಏನು, ಹೇಳಿ.”

“ಉದ್ದಿನಬೇಳೆ. ಹೋದ ವರ್ಷದ್ದು. ಅರೆದರೆ ಉಬ್ಬುವುದಿಲ್ಲ.”

“ಅಚ್ಛಾ. ಮಧ್ಯಾಹ್ನ ಎರಡರಿಂದ ಆರು ಆಗುತ್ತದಲ್ಲ?”

ಬಕೆಟ್ ಹಂಚುವ ಹೊತ್ತು ಎಂದು ತನಿಯಪ್ಪನವರು ತಿಳಿದರು. “ಆಗುತ್ತದೆ. ಆ ಹೊತ್ತಿಗೆ ನನಗೂ ವ್ಯಾಪಾರ ಕಡಿಮೆ.”

“ಟೀ ಶರ್ಟ್ ಸೈಜು?”

“ನಲವತ್ತೆರಡು. ನಿಜ ಹೇಳಬೇಕೆಂದರೆ ಬಕೆಟ್ ಒಂದೇ ಸಾಕಿತ್ತು.”

ರೋಹಿತ್ ಇದನ್ನು ಹಾಸ್ಯವೆಂದು ತಿಳಿದು ಮನಸಾರೆ ನಕ್ಕ. ತೋರಿಸಿದ ಕಡೆಗಳಲ್ಲೆಲ್ಲ ತನಿಯಪ್ಪನವರು ಸಹಿ ಹಾಕಿದರು.

ಮರುದಿನ ಎರಡು ಗಂಟೆಗೆ ಹಿಂದಿನ ಗಲ್ಲಿಯ ಬಾಗಿಲಿನಿಂದ ಒಳಗೆ ಬರಲು ಹೇಳಿದ್ದರು, ಬಂದರು. ಒಬ್ಬಳು ಹುಡುಗಿ ಹಳದಿ ಟೀ ಶರ್ಟು ತೊಡಿಸಿ, ‘ದಕ್ಷಿಣದ ರುಚಿ’ ಎಂಬ ಫಲಕದ ಕೆಳಗೆ ಅವರನ್ನು ನಿಲ್ಲಿಸಿ ಹೋದಳು. ಸುತ್ತ ಕೆಂಪಕ್ಕಿ, ತೆಂಗಿನೆಣ್ಣೆ, ಹಪ್ಪಳ. ಏನಾಗಿದೆ ಎಂಬುದು ಅವರಿಗೆ ಅರ್ಥವಾಗಲು ಮುಕ್ಕಾಲು ಗಂಟೆ ಹಿಡಿಯಿತು. ಅರ್ಥವಾದ ಮೇಲೆ ಸತ್ಯ ಹೇಳಲು ಎರಡು ಸಲ ರೋಹಿತ್‌ನ ಬಳಿ ಹೋದರು. ಮೊದಲ ಸಲ ಅವನು, “ಅಂಕಲ್‌ಜೀ, ಹತ್ತು ಜನ ಸೇರಿದ್ದರು, ಆರು ಜನ ಬಂದೇ ಇಲ್ಲ. ನೀವು ಬಂದಿರಿ, ನನ್ನ ಮಾನ ಉಳಿಯಿತು” ಎಂದ. ಎರಡನೆಯ ಸಲ ಅವನೇ ಎದ್ದು ಚಹಾ ತಂದುಕೊಟ್ಟ. ಚಹಾದಲ್ಲಿ ಶುಂಠಿ ಇತ್ತು. ಒಂದು ದಿನ ನಿಂತು ನಾಳೆ ಹೇಳಿದರಾಯಿತು ಎಂದು ತನಿಯಪ್ಪನವರು ತೀರ್ಮಾನಿಸಿದರು. ಹಾಗೆ ಹದಿನೈದು ನಾಳೆಗಳು ಕಳೆದವು.

ಲೋಲಾಕ್ಷಿಗೆ, ಕನ್ನಡ ಸಂಘದವರು ರಾಜ್ಯೋತ್ಸವದ ತಯಾರಿಗೆ ಕರೆದಿದ್ದಾರೆ ಎಂದು ಹೇಳಿದ್ದರು.

“ರಾಜ್ಯೋತ್ಸವಕ್ಕೆ ಇನ್ನೂ ಎರಡು ತಿಂಗಳು ಇದೆಯಲ್ಲ ಮಾರಾಯ್ರೆ.”

“ಉಪಸಮಿತಿ.”

ಉಪಸಮಿತಿ ಎಂದ ಮೇಲೆ ಲೋಲಾಕ್ಷಿ ಮುಂದೆ ಕೇಳಲಿಲ್ಲ. ದಿನಕ್ಕೆ ನಾಲ್ಕು ಗಂಟೆ ಕೂತು ಏನೂ ಆಗದಿರುವುದು ಉಪಸಮಿತಿಯಲ್ಲಿ ಸಹಜವೆಂದು ಅವರಿಗೆ ಗೊತ್ತಿತ್ತು.

ನಿಜವಾದ ಪೇಚು ಶುರುವಾದದ್ದು ಶಾರದಾ ಅವರಿಂದ. ಶಾರದಾ ಸರ್ಕಾರಿ ಅಧಿಕಾರಿಯೊಬ್ಬರ ಹೆಂಡತಿ, ಉಡುಪಿ ಕಡೆಯವರು, ಕರಾವಳಿ ಸ್ಟೋರ್ಸಿಗೆ ಇಪ್ಪತ್ತು ವರ್ಷಗಳ ಗಿರಾಕಿ. ಒಂದು ಮಂಗಳವಾರ ಮಧ್ಯಾಹ್ನ ಅವರು ಅರ್ಧ ಮುಖಕ್ಕೆ ಸೆರಗು ಸುತ್ತಿ, ಕಪ್ಪು ಕನ್ನಡಕ ಹಾಕಿ, ಬಚತ್ ಮಹಲಿಗೆ ಬಂದರು. ಐದು ಕಿಲೋದ ಕೆಂಪಕ್ಕಿ ಚೀಲ ಎತ್ತಿ ತೊಟ್ಟಿಲ ಮಗುವಿನಂತೆ ತೋಳಿನಲ್ಲಿಟ್ಟುಕೊಂಡು ತಿರುಗಿದರು. ಎದುರಿಗೆ ತನಿಯಪ್ಪನವರು.

ಇಬ್ಬರೂ ಅಲ್ಲಾಡಲಿಲ್ಲ. ನನ್ನನ್ನು ಹಿಡಿಯಲೆಂದೇ ಇವರು ಇಲ್ಲಿ ಕಾಯುತ್ತಿದ್ದಾರೆ ಎಂದು ಶಾರದಾ ತಿಳಿದರು. ಇನ್ನು ಅರ್ಧ ಗಂಟೆಯಲ್ಲಿ ಲೋಲಾಕ್ಷಿಗೆ ಸುದ್ದಿ ಮುಟ್ಟುತ್ತದೆ ಎಂದು ತನಿಯಪ್ಪನವರು ತಿಳಿದರು.

“ನಾನು ಸುಮ್ಮನೆ ಎಸಿ ಇದೆ ಅಂತ ಒಳಗೆ ಬಂದೆ, ತನಿಯಪ್ಪಣ್ಣ” ಎಂದರು ಶಾರದಾ.

“ನಾನೂ ಹಾಗೇ” ಎಂದರು ತನಿಯಪ್ಪನವರು.

“ಈ ಅಕ್ಕಿ ಬರೀ ನೋಡಲಿಕ್ಕೆ ಎತ್ತಿದ್ದು.”

ಅಕ್ಕಿಯ ಮಾತು ಬಂದದ್ದೇ ತನಿಯಪ್ಪನವರಿಗೆ ಉಳಿದದ್ದೆಲ್ಲ ಮರೆಯಿತು. “ಅಮ್ಮ, ಇದು ಬೇಡ. ಇದು ಕುಚ್ಚಲು ಅಲ್ಲವೇ ಅಲ್ಲ. ಒಲೆ ಮೇಲೆ ಇಟ್ಟು ನೀವು ಫೋನ್ ತೆಗೆದುಕೊಳ್ಳುವಷ್ಟರಲ್ಲಿ ಅಂಟು ಆಗಿಬಿಡುತ್ತದೆ. ನಿಮ್ಮ ಅತ್ತೆಯವರಿಗೆ ಗಂಜಿ ಬೇಕಲ್ಲ? ಇದನ್ನು ಕೊಟ್ಟರೆ ನಿಮ್ಮನ್ನೇ ಬೈಯುತ್ತಾರೆ.”

ಅಳುವಂಥ ದನಿಯಲ್ಲಿ ಅವರು ಇದನ್ನು ಹೇಳಿದ್ದು ಅಕ್ಕಿಯ ಮೇಲಿನ ಮರುಕದಿಂದ. ಶಾರದಾರಿಗೆ ಅದು ತನ್ನ ಮೇಲಿನ ಮರುಕವಾಗಿ ಕೇಳಿಸಿತು. ಚೀಲ ಕೆಳಗಿಟ್ಟು, ಹೊರಗೆ ಓಡಿ, ರಸ್ತೆ ದಾಟಿ, ಕರಾವಳಿ ಸ್ಟೋರ್ಸಿನಲ್ಲಿ ಹತ್ತು ಕಿಲೋ ಕುಚ್ಚಲಕ್ಕಿ, ಎರಡು ಲೀಟರ್ ತೆಂಗಿನೆಣ್ಣೆ, ಮನೆಯಲ್ಲಿ ಯಾರೂ ತಿನ್ನದ ಹಲಸಿನ ಹಪ್ಪಳ ನಾಲ್ಕು ಕಟ್ಟು ಕೊಂಡರು. ಲೋಲಾಕ್ಷಿ ಚೀಲಕ್ಕೆ ತುಂಬುವಾಗ ಅವರ ಮುಖ ನೋಡುವ ಧೈರ್ಯ ಶಾರದಾರಿಗೆ ಆಗಲಿಲ್ಲ. ತನಿಯಪ್ಪನವರ ವಿಷಯವನ್ನೂ ಎತ್ತಲಿಲ್ಲ.

ಆದರೆ ಸಂಜೆ ಟವರ್ ನಂಬರ್ ನಾಲ್ಕರ ಮಹಿಳೆಯರ ವಾಟ್ಸಾಪ್ ಗುಂಪಿನಲ್ಲಿ ಎತ್ತಿದರು. ತನಿಯಪ್ಪಣ್ಣ ವೇಷ ಬದಲಿಸಿಕೊಂಡು ಬಚತ್ ಮಹಲಿನಲ್ಲಿ ನಿಲ್ಲುತ್ತಾರೆ, ತಮ್ಮ ಹಳೇ ಗಿರಾಕಿಗಳಲ್ಲಿ ಯಾರ್ಯಾರು ಬಂದರೆಂದು ನೋಡುತ್ತಾರೆ, ಏನೂ ಬೈಯುವುದಿಲ್ಲ, ಸುಮ್ಮನೆ ನೋಡುತ್ತಾರೆ, ಆ ನೋಟ ತಡೆಯಲು ಆಗುವುದಿಲ್ಲ. ಸುದ್ದಿ ಕನ್ನಡದಿಂದ ತಮಿಳಿಗೆ, ತಮಿಳಿನಿಂದ ಮಲಯಾಳಕ್ಕೆ ಹೋಗುವಷ್ಟರಲ್ಲಿ ತನಿಯಪ್ಪನವರ ಕಣ್ಣಲ್ಲಿ ನೀರು ಬಂದಿತ್ತು. ತೆಲುಗಿಗೆ ತಲುಪಿದಾಗ ಅವರು ಒಬ್ಬರ ಕಾಲು ಹಿಡಿದಿದ್ದರು.

ಪರಿಣಾಮವಾಗಿ ಒಂದು ವಾರದಲ್ಲಿ ಕರಾವಳಿ ಸ್ಟೋರ್ಸಿನಲ್ಲಿ ನಿಲ್ಲಲು ಜಾಗವಿಲ್ಲದಂತಾಯಿತು. ಬಚತ್ ಮಹಲಿಗೆ ಹೋಗಿದ್ದವರು ಪಾಪಪ್ರಜ್ಞೆಯಿಂದ ಬಂದರು. ಹೋಗದಿದ್ದವರು, ಹೋಗಿದ್ದಾರೆಂದು ಎಲ್ಲಿ ತಿಳಿದಾರೋ ಎಂದು ಬಂದರು.

“ನೀವು ಇಲ್ಲದ ಹೊತ್ತಿನಲ್ಲೇ ಜನ ಜಾಸ್ತಿ” ಎಂದರು ಲೋಲಾಕ್ಷಿ ಒಂದು ಸಂಜೆ. “ಉಪಸಮಿತಿ ಎಷ್ಟು ದಿನ ಇದೆಯೋ ಅಷ್ಟು ದಿನ ಹೋಗಿ ಬನ್ನಿ.”

ಸುದ್ದಿ ಗುರ್ಮೀತ್ ಸಿಂಗರಿಗೂ ಮುಟ್ಟಿತು. ಅವರು ಬಚತ್ ಮಹಲಿಗೆ ಹೋಗಿ, ಹಳದಿ ಟೀ ಶರ್ಟಿನಲ್ಲಿದ್ದ ತನಿಯಪ್ಪನವರನ್ನು ಕಣ್ಣಾರೆ ಕಂಡು, ಸುತ್ತ ನೋಡಿ, ಕಿವಿಯ ಬಳಿ ಬಂದರು.

“ನೋಡಿ ಬರುತ್ತೇನೆ ಅಂದಿರಿ. ನಾನು ಒಂದು ದಿನದ ಕೆಲಸ ಅಂದುಕೊಂಡಿದ್ದೆ. ಶತ್ರುವಿನ ಸಮವಸ್ತ್ರ ಹಾಕುತ್ತೀರಿ ಅಂತ ಗೊತ್ತಿರಲಿಲ್ಲ. ನಮಸ್ಕಾರ ನಿಮಗೆ.”

“ಸರ್ದಾರ್‌ಜೀ, ಇದು ಸ್ವಲ್ಪ ತಪ್ಪಾಗಿ–”

“ಹೇಳಬೇಡಿ. ಗೋಡೆಗೂ ಕ್ಯಾಮೆರಾ ಇದೆ.”

ಮಾರನೆಯ ದಿನದಿಂದ ಗುರ್ಮೀತ್ ಸಿಂಗ್ ತಾವೂ ಮಧ್ಯಾಹ್ನ ಬಂದು ಪಾತ್ರೆಗಳ ಸಾಲಿನಲ್ಲಿ ನಿಲ್ಲತೊಡಗಿದರು. ಆರು ಅಡಿ ಎತ್ತರದ ಮನುಷ್ಯ ಎರಡು ಕೈ ಹಿಂದೆ ಕಟ್ಟಿ ನಿಂತಿರುವಾಗ ಅವರ ಹಳೇ ಗಿರಾಕಿಗಳಿಗೆ ಅಲ್ಲಿನ ಕುಕ್ಕರ್ ಮುಟ್ಟುವ ಮನಸ್ಸಾಗಲಿಲ್ಲ. ಮೂರನೆಯ ದಿನ ಬೆಡ್‌ಶೀಟ್ ಅಂಗಡಿಯ ಭಾಟಿಯಾ ಬೆಡ್‌ಶೀಟುಗಳ ಬಳಿ ನಿಂತರು. ಅವರಿಗೆ ನೆಗಡಿಯಾಗಿ ಕರವಸ್ತ್ರದಿಂದ ಆಗಾಗ ಮೂಗು ಒರೆಸುತ್ತಿದ್ದುದು ಇನ್ನೂ ಒಳ್ಳೆಯ ಪರಿಣಾಮ ಮಾಡಿತು. ಸ್ಟೇಷನರಿ ಅಂಗಡಿಯ ಗುಪ್ತಾ ನೋಟುಬುಕ್ಕುಗಳ ಪಕ್ಕದಲ್ಲಿ ಕುರ್ಚಿ ಕೇಳಿ ಪಡೆದರು.

ರೋಹಿತ್‌ನ ಸ್ಥಿತಿ ಹೇಳಲಾಗದು. ಅಂಗಡಿ ತುಂಬ ಜನ. ಕೌಂಟರ್ ಖಾಲಿ. ಗಿರಾಕಿಗಳು ಬಂದು, ಒಂದು ಸುತ್ತು ಹಾಕಿ, ಯಾರನ್ನೋ ಕಂಡು ಬೆಚ್ಚಿ, ತಲೆ ತಗ್ಗಿಸಿಕೊಂಡು ಹೊರಟುಹೋಗುತ್ತಿದ್ದರು. ಗುರುಗ್ರಾಮದ ಮುಖ್ಯ ಕಚೇರಿಯಿಂದ ಅವನಿಗೆ ದಿನಕ್ಕೆ ಮೂರು ಫೋನ್ ಬರತೊಡಗಿದವು. ಆರನೆಯ ವಾರದಲ್ಲಿ ಅವನು ತನಿಯಪ್ಪನವರನ್ನು ಕರೆದ. ಟೈ ಕಿಸೆಯಲ್ಲಿತ್ತು.

“ಅಂಕಲ್‌ಜೀ, ಎದುರಿಗೆ ಒಂದು ದಕ್ಷಿಣದ ಅಂಗಡಿ ಇದೆ, ನೋಡಿದ್ದೀರಾ?”

“ನೋಡಿದ್ದೇನೆ” ಎಂದರು ತನಿಯಪ್ಪನವರು.

“ಅಲ್ಲಿ ಯಾವಾಗಲೂ ಜನ. ಏನೋ ಗುಟ್ಟು ಇದೆ. ನೀವು ಅವರ ಭಾಷೆಯವರು, ಹೋಗಿ ಮಾತಾಡಿಸಿ. ಏನೇನು ಬೆಲೆ, ಎಲ್ಲಿಂದ ತರಿಸುತ್ತಾರೆ, ಬರೆದುಕೊಂಡು ಬನ್ನಿ. ಅಲ್ಲಿ ಒಬ್ಬರು ಆಂಟಿ ಕೂರುತ್ತಾರೆ. ಬಹಳ ಚುರುಕು ಅಂತ ಕೇಳಿದ್ದೇನೆ. ಜಾಗ್ರತೆ.”

“ಬಹಳ ಚುರುಕು” ಎಂದು ತನಿಯಪ್ಪನವರು ಒಪ್ಪಿದರು.

ಟೀ ಶರ್ಟು ತೆಗೆದು ಹೋಗಬೇಕೆಂದು ಅವರಿಗೆ ಹೊಳೆಯಲಿಲ್ಲ. ಆರು ವಾರಗಳಲ್ಲಿ ಮೊದಲ ಬಾರಿಗೆ ಬಚತ್ ಮಹಲಿನ ಮುಂಬಾಗಿಲಿನಿಂದ ಹೊರಬಂದು, ರಸ್ತೆ ದಾಟಿ, ಕೈಯಲ್ಲಿ ಪೆನ್ನು ಪುಸ್ತಕ ಹಿಡಿದು ತಮ್ಮದೇ ಅಂಗಡಿಯ ಮೆಟ್ಟಿಲು ಹತ್ತಿದರು. ಲೋಲಾಕ್ಷಿ ಒಬ್ಬ ಗಿರಾಕಿಗೆ ಬೆಲ್ಲ ತೂಗುತ್ತಿದ್ದರು. ತಲೆಯೆತ್ತಿ ನೋಡಿದರು. ಹಳದಿ ಟೀ ಶರ್ಟನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. ಬೆಲ್ಲ ಕೊಟ್ಟು, ಚಿಲ್ಲರೆ ಕೊಟ್ಟು, ಗಿರಾಕಿ ಮೆಟ್ಟಿಲು ಇಳಿಯುವವರೆಗೆ ಕಾದರು.

“ಏನು ಬೇಕಿತ್ತು, ಭಯ್ಯಾ?”

ತನಿಯಪ್ಪನವರು ಪುಸ್ತಕ ತೆರೆದರು. “ಕುಚ್ಚಲಕ್ಕಿ ಬೆಲೆ ಕೇಳಿಕೊಂಡು ಬಾ ಅಂದರು.”

“ಯಾರು ಅಂದರು?”

“ನಮ್ಮ ಮ್ಯಾನೇಜರು.”

“ಹೌದಾ. ಅಲ್ಲಿ ಎಷ್ಟು ದಿನದಿಂದ ಕೆಲಸ?”

“ಆರು ವಾರ ಆಯಿತು.”

“ಮೊದಲು ಎಲ್ಲಿದ್ದಿರಿ?”

“ಇಲ್ಲೇ” ಎಂದರು ತನಿಯಪ್ಪನವರು.

“ಬಿಟ್ಟಿದ್ದು ಯಾಕೆ? ಯಜಮಾನಿ ಸರಿ ಇರಲಿಲ್ಲವೋ?”

ಆಮೇಲೆ ಹತ್ತು ನಿಮಿಷ ತನಿಯಪ್ಪನವರು ಹೇಳಿದರು. ಸಾಲು, ಬಲೂನು, ಬಕೆಟ್, ಶುಂಠಿ ಚಹಾ, ಶಾರದಾ, ಸರ್ದಾರ್‌ಜೀ, ಎಲ್ಲ. ಕೇಳುತ್ತ ಕೇಳುತ್ತ ಲೋಲಾಕ್ಷಿ ಅಕ್ಕಿಯ ಮೂಟೆಯ ಮೇಲೆ ಕೂತುಬಿಟ್ಟರು. ಭುಜ ಅಲ್ಲಾಡುತ್ತಿತ್ತು. ಅಳುತ್ತಿದ್ದಾರೆ ಎಂದುಕೊಂಡು ತನಿಯಪ್ಪನವರು ನೀರು ತಂದರು. ನೀರು ಕುಡಿಯುವಾಗ ಲೋಲಾಕ್ಷಿಗೆ ನಗು ತಡೆಯಲಾಗದೆ ನೆತ್ತಿಗೆ ಹತ್ತಿತು.

ನಗು ನಿಂತ ಮೇಲೆ ಅವರು ಲೋಟ ಕೆಳಗಿಟ್ಟರು. “ಆ ಹುಡುಗನ ಗತಿ ಏನು?”

“ಯಾವ ಹುಡುಗ?”

“ನಿಮ್ಮ ಮ್ಯಾನೇಜರು. ಮಾಲು ಮಾರಾಟವಾಗದಿದ್ದರೆ ಅವನನ್ನು ಇಟ್ಟುಕೊಳ್ಳುತ್ತಾರಾ? ನಮಗೆ ಅಂಗಡಿ ಉಳಿಯಲಿ ಅಂತ ಆಸೆ, ಅದು ಸರಿ. ಅವನ ಅನ್ನ ಕಳೆದು ಅಲ್ಲ.” ಡಬ್ಬಿಯಲ್ಲಿ ಗಂಜಿ, ಹೆಸರುಕಾಳಿನ ಪಲ್ಯ ತುಂಬಿ ಕೈಗೆ ಕೊಟ್ಟರು. “ಇದನ್ನು ಅವನಿಗೆ ಕೊಡಿ. ಅವನು ಉಂಡ ಮೇಲೆ ಸತ್ಯ ಹೇಳಿ. ಉಣ್ಣುವ ಮೊದಲು ಹೇಳಬೇಡಿ, ಪಾಪ.”

ಈ ಸೂಚನೆಯನ್ನು ತನಿಯಪ್ಪನವರು ಪಾಲಿಸಬೇಕೆಂದೇ ಹೊರಟಿದ್ದರು. ಆದರೆ ಅವರು ಮರಳುವಷ್ಟರಲ್ಲಿ ಬಚತ್ ಮಹಲಿನಲ್ಲಿ ಗುರುಗ್ರಾಮದ ವಲಯಾಧಿಕಾರಿ ಅಮಿತಾ ಮೇಡಂ ಬಂದು ಕೂತಿದ್ದರು. ಮುಂದೆ ಲ್ಯಾಪ್‌ಟಾಪು. ಪಕ್ಕದಲ್ಲಿ ರೋಹಿತ್, ಪರೀಕ್ಷೆಯಲ್ಲಿ ಉತ್ತರ ಮರೆತವನಂತೆ. ಗೋಡೆಯ ಬದಿಗೆ ಗುರ್ಮೀತ್ ಸಿಂಗ್, ಭಾಟಿಯಾ ಮತ್ತು ಕುರ್ಚಿ ಸಮೇತ ಗುಪ್ತಾ. ಕ್ಯಾಮೆರಾದಲ್ಲಿ ಆರು ವಾರದ ಚಿತ್ರಗಳನ್ನು ನೋಡಿ, ದಿನವೂ ಬಂದು ಏನೂ ಕೊಳ್ಳದ ಇವರು ಯಾರೆಂದು ತಿಳಿಯಲು ಮೇಡಂ ಅವರನ್ನು ತಡೆದು ನಿಲ್ಲಿಸಿದ್ದರು.

“ದಕ್ಷಿಣದ ರುಚಿ ನೀವು ನೋಡಿಕೊಳ್ಳುವುದಾ?” ಎಂದು ಮೇಡಂ ಕೇಳಿದರು. “ಆರು ವಾರದಲ್ಲಿ ಮೂರು ಪ್ಯಾಕೆಟ್ ಅಕ್ಕಿ ಹೋಗಿದೆ.”

“ಆ ಮೂರೂ ನಾನೇ ಕೊಂಡದ್ದು, ಮೇಡಂ. ರೋಹಿತ್‌ಜೀ ಮುಖ ಸಣ್ಣ ಮಾಡಿಕೊಂಡಿದ್ದರು, ನೋಡಲು ಆಗಲಿಲ್ಲ.”

“ತಿಂದಿರಾ?”

“ಇಲ್ಲ. ಪಾರಿವಾಳಗಳಿಗೆ ಹಾಕಿದೆ.”

“ಅವು?”

“ಒಂದೇ ದಿನ ಬಂದವು.”

ಮೇಡಂ ಅದನ್ನೂ ಲ್ಯಾಪ್‌ಟಾಪಿನಲ್ಲಿ ಬರೆದುಕೊಂಡರು. ಆಮೇಲೆ ತನಿಯಪ್ಪನವರು ಡಬ್ಬಿಯನ್ನು ಎದೆಗೆ ಒತ್ತಿ ಹಿಡಿದು, ತಾನು ಎದುರು ಅಂಗಡಿಯ ಮಾಲೀಕನೆಂಬುದನ್ನು ಹೇಳಿದರು. ರೋಹಿತ್ ಹತ್ತಿರದ ಸ್ಟೂಲಿನ ಮೇಲೆ ಕುಸಿದು ಕೂತ.

“ಗಿರಾಕಿಗಳಿಗೆ ನಮ್ಮ ಮಾಲು ಕೆಟ್ಟದ್ದು ಅಂತ ಹೇಳಿದಿರಾ?”

“ಎಲ್ಲ ಕೆಟ್ಟದ್ದು ಅನ್ನಲಿಲ್ಲ. ನಿಮ್ಮ ಬಕೆಟ್ ಬಹಳ ಚೆನ್ನಾಗಿದೆ. ಸೋಪೂ ಪರವಾಗಿಲ್ಲ. ಅಕ್ಕಿ ಮಾತ್ರ ಯಾರೋ ನಿಮಗೆ ಮೋಸ ಮಾಡಿ ಕೊಟ್ಟಿದ್ದಾರೆ. ಅದನ್ನು ಮಾರು ಅಂತ ಈ ಹುಡುಗನಿಗೆ ಹೇಳುವುದು ಅನ್ಯಾಯ. ಅವನು ನನ್ನನ್ನು ಕೇಳಿದ ಪ್ರಶ್ನೆಗೆಲ್ಲ ನಾನು ನಿಜವೇ ಹೇಳಿದೆ. ಅವನ ತಪ್ಪು ಏನೂ ಇಲ್ಲ.”

“ಏನೂ ಇಲ್ಲ” ಎಂದರು ಗುರ್ಮೀತ್ ಸಿಂಗ್ ಗೋಡೆಯ ಬದಿಯಿಂದ. “ಹಾಳು ಮಾಡಿದ್ದು ನಾವು, ಮೇಡಂ. ಹುಡುಗ ಒಳ್ಳೆಯವನು. ನನಗೆ ದಿನಾ ನೀರು ಕೊಡುತ್ತಿದ್ದ.”

“ನನಗೆ ಕುರ್ಚಿ ಕೊಟ್ಟ” ಎಂದರು ಗುಪ್ತಾ.

ಅಮಿತಾ ಮೇಡಂ ತನಿಯಪ್ಪನವರ ನೇಮಕದ ಕಾಗದ ತೆಗೆದು ನೋಡಿದರು. ಕೊನೆಯ ಪುಟದಲ್ಲಿ ಅನುಮೋದಿಸಿದವರ ಸಹಿ ಇತ್ತು. ಅವರದೇ ಸಹಿ. ಸತ್ಯ ಬರೆದರೆ, ಎದುರಾಳಿಯನ್ನೇ ಕೆಲಸಕ್ಕೆ ಇಟ್ಟುಕೊಂಡದ್ದು ಹೇಗೆಂದು ಮೊದಲ ಪ್ರಶ್ನೆ ಬರುವುದು ಅವರಿಗೆ. ಅವರು ಯೋಚಿಸುತ್ತಿದ್ದಾಗ ಪಕ್ಕದ ಸಾಲಿನಲ್ಲಿ ಇಬ್ಬರು ಹೆಂಗಸರು ಬಕೆಟ್ಟಿನ ಬಣ್ಣದ ಬಗ್ಗೆ ತಮಿಳಿನಲ್ಲಿ ಜಗಳವಾಡುತ್ತಿದ್ದರು. ಅದನ್ನು ಪೂರ್ತಿ ಕೇಳಿಸಿಕೊಂಡು ಮೇಡಂ ವರದಿ ಟೈಪು ಮಾಡಿದರು. ಮಾಡುತ್ತ ಗಟ್ಟಿಯಾಗಿ ಓದಿದರು.

“ಈ ಪ್ರದೇಶದಲ್ಲಿ ದಕ್ಷಿಣ ಭಾರತದವರು ವಾಸವಾಗಿಲ್ಲ. ಆದ್ದರಿಂದ ಆ ವಿಭಾಗ ಮುಚ್ಚಿ, ಜಾಗವನ್ನು ಬೆಡ್‌ಶೀಟುಗಳಿಗೆ ಕೊಡಬಹುದು.”

ಭಾಟಿಯಾ ಕೆಮ್ಮಿದರು. “ಮೇಡಂ, ಬೆಡ್‌ಶೀಟು ಈಗಾಗಲೇ ಸಾಕಷ್ಟು ಇದೆ.”

ಮೇಡಂ ಗೋಡೆಯ ಬದಿಗೆ ಇದ್ದ ಮೂವರನ್ನೂ ಒಬ್ಬೊಬ್ಬರಾಗಿ ನೋಡಿದರು. “ಸೂಟ್‌ಕೇಸ್ ಮಾರುವವರು ಯಾರಾದರೂ ಇದ್ದೀರಾ?”

ಯಾರೂ ಇರಲಿಲ್ಲ. ಸೂಟ್‌ಕೇಸ್ ಎಂದು ಬರೆದರು. ಗುರ್ಮೀತ್ ಸಿಂಗ್ ಸಂಘದ ಪರವಾಗಿ ಒಪ್ಪಿಗೆ ಸೂಚಿಸಿದರು. ಅಷ್ಟರಲ್ಲಿ ರೋಹಿತ್, ಏನಾಯಿತೆಂದು ಪೂರ್ತಿ ತಿಳಿಯದೆ, ತನಿಯಪ್ಪನವರು ಕೈಗಿಟ್ಟ ಡಬ್ಬಿ ತೆರೆದು ಗಂಜಿ ಉಣ್ಣತೊಡಗಿದ್ದ.

ಎಲ್ಲವೂ ಸುಖವಾಗಿ ಮುಗಿಯಿತು ಎಂದು ಹೇಳುವಂತಿಲ್ಲ. ಗುಪ್ತಾರ ಸ್ಟೇಷನರಿ ಅಂಗಡಿ ದೀಪಾವಳಿಯ ಹೊತ್ತಿಗೆ ಮುಚ್ಚಿತು. ಈಗ ಅಲ್ಲಿ ವಾಸನೆಯ ಮೇಣದಬತ್ತಿ ಮಾರುತ್ತಾರೆ. ಬಚತ್ ಮಹಲ್ ಇದ್ದಲ್ಲೇ ಇದೆ, ರೋಹಿತನೂ ಅಲ್ಲೇ ಮ್ಯಾನೇಜರಾಗಿದ್ದಾನೆ, ಬಕೆಟ್ಟಿಗೆ ಎಲ್ಲರೂ ಅಲ್ಲಿಗೇ ಹೋಗುತ್ತಾರೆ, ಲೋಲಾಕ್ಷಿಯೂ ಹೋಗುತ್ತಾರೆ. ಆದರೆ ಚೌಧರಿ ಒಂದು ಶನಿವಾರ ಬಂದು, ಸ್ಟೂಲಿನವರೆಗೆ ತಲುಪಲು ಜಾಗವಿಲ್ಲದೆ, ಮೆಟ್ಟಿಲ ಮೇಲೆ ನಿಂತೇ ಎರಡು ವರ್ಷಕ್ಕೆ ಕರಾರು ಬರೆದುಕೊಟ್ಟು ಹೋದ. ಕಾಫಿಯವರಿಗೆ ವಸಂತ್ ಕುಂಜ್‌ನಲ್ಲಿ ಬೇರೆ ಜಾಗ ತೋರಿಸಿದನಂತೆ.

ನವೆಂಬರಿನಲ್ಲಿ ತನಿಯಪ್ಪನವರಿಗೆ ಕೊರಿಯರಿನಲ್ಲಿ ಒಂದು ದಪ್ಪ ಲಕೋಟೆ ಬಂತು. ಬಚತ್ ಮಹಲ್ ಕಂಪನಿಯಿಂದ. ಒಳಗೆ ಅನುಭವ ಪ್ರಮಾಣಪತ್ರ. ಶ್ರೀ ತನಿ ಅಪ್ಪಾ ಅವರು ನಮ್ಮಲ್ಲಿ ನಲವತ್ತೊಂದು ದಿನ ಸೇವೆ ಸಲ್ಲಿಸಿರುತ್ತಾರೆ, ಸಮಯಕ್ಕೆ ಸರಿಯಾಗಿ ಬರುತ್ತಿದ್ದರು, ನಡತೆ ಉತ್ತಮ, ಅವರ ಮುಂದಿನ ಜೀವನ ಉಜ್ವಲವಾಗಲಿ. ಕೆಳಗೆ ದುಂಡನೆಯ ಮೊಹರು.

ತನಿಯಪ್ಪನವರು ಅದನ್ನು ನಾಲ್ಕು ಸಲ ಓದಿದರು. ಇಷ್ಟು ವರ್ಷದಲ್ಲಿ ಅವರ ಬಗ್ಗೆ ಯಾರೂ ಏನನ್ನೂ ಬರೆದು ಕೊಟ್ಟಿರಲಿಲ್ಲ. ಗಾಜು ಹಾಕಿಸಿ ತಂದು, ದೇವರ ಪಟದ ಪಕ್ಕದಲ್ಲಿ ಮೊಳೆ ಹೊಡೆದು ತೂಗುಹಾಕಿದರು.

ಲೋಲಾಕ್ಷಿ ಕೌಂಟರಿನ ಹಿಂದಿನಿಂದ ನೋಡಿದರು. “ನಲವತ್ತೊಂದು ದಿನಕ್ಕೆ ಇಷ್ಟು ದೊಡ್ಡ ಕಾಗದ. ಮೂವತ್ತೊಂದು ವರ್ಷಕ್ಕೆ ನನಗೆ ಯಾರು ಕೊಡುತ್ತಾರೆ?”

ತಮಾಷೆಗೆ ಕೇಳಿದ್ದು. ಆದರೆ ತನಿಯಪ್ಪನವರು ಬಿಲ್ ಪುಸ್ತಕ ಎಳೆದುಕೊಂಡು ಕೂತುಬಿಟ್ಟರು. ಇಬ್ಬರು ಗಿರಾಕಿಗಳು ಕಾದರು. ಅವರು ಬರೆದದ್ದನ್ನು ಹೊಡೆದು ಹಾಕಿ, ಹಾಳೆ ಹರಿದು, ಮತ್ತೆ ಬರೆದರು. ಕೊನೆಗೆ ಅಂಗಡಿಯ ರಬ್ಬರ್ ಮೊಹರು ಒತ್ತಿ, ಬಾಯಿಂದ ಊದಿ ಒಣಗಿಸಿ, ಹೆಂಡತಿಯ ಮುಂದೆ ಇಟ್ಟರು.

‘ಶ್ರೀಮತಿ ಲೋಲಾಕ್ಷಿ ಅವರು ಕರಾವಳಿ ಸ್ಟೋರ್ಸಿನಲ್ಲಿ ಮೂವತ್ತೊಂದು ವರ್ಷ ಸೇವೆ ಸಲ್ಲಿಸಿರುತ್ತಾರೆ. ರಜೆ ಕೇಳಿಲ್ಲ. ಒಮ್ಮೆಯೂ ತಪ್ಪು ಸಾಲಿನಲ್ಲಿ ನಿಂತಿಲ್ಲ. ಇವರಿಲ್ಲದಿದ್ದರೆ ಅಂಗಡಿ ಮೊದಲ ವರ್ಷವೇ ಮುಚ್ಚುತ್ತಿತ್ತು ಎಂದು ದೃಢೀಕರಿಸುತ್ತೇನೆ.’

ಲೋಲಾಕ್ಷಿ ಕನ್ನಡಕ ಹಾಕಿಕೊಂಡು ಓದಿದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ, ಹಾಕಿಕೊಂಡು ಇನ್ನೊಮ್ಮೆ ಓದಿದರು. ಆಮೇಲೆ ಕಾಗದವನ್ನು ಗಂಡನ ಕಡೆಗೆ ತಿರುಗಿಸಿ ಬೆರಳಿಟ್ಟು ತೋರಿಸಿದರು.

“ನಡತೆ ಉತ್ತಮ ಅಂತ ಬರೆಯುವುದು ಬಿಟ್ಟಿದ್ದೀರಿ.”

ತನಿಯಪ್ಪನವರು ಪೆನ್ನಿನ ಮುಚ್ಚಳ ತೆಗೆದರು.